ಸೀಟಿಗೆ ಮೊದಲು ಊರಿನ ಬಾಡಿಗೆ ವಿಚಾರಿಸಿ

ಸಂಪಾದಕರಿಗೆ,

ಮಾನ್ಯರೇ,

ಫಲಿತಾಂಶದ ದಿನಗಳು ಬಂದವೆಂದರೆ ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಶಿರಸಿಯ ದೇವಿಕೆರೆಯ ತನಕ ವಿದೇಶ ವ್ಯಾಸಂಗದ ಫಲಕಗಳು ಏಳುತ್ತವೆ. ಕೆನಡಾ, ಜರ್ಮನಿ, ಯುಕೆ, ಆಸ್ಟ್ರೇಲಿಯಾ ಎಂದು ದೇಶದ ಹೆಸರು ಮೊಳದುದ್ದದ ಅಕ್ಷರದಲ್ಲಿರುತ್ತದೆ. ಓದುವ ಊರು ಯಾವುದು ಎಂಬುದು ಮಾತ್ರ ಫಲಕದ ಯಾವ ಮೂಲೆಯಲ್ಲೂ ಇರುವುದಿಲ್ಲ. ಮಗಳನ್ನು ಎಂಜಿನಿಯರಿಂಗಿಗೆ ಸೇರಿಸಿದಾಗ ‘ಕರ್ನಾಟಕದಲ್ಲಿ ಸೀಟು ಸಿಕ್ಕಿತು’ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹುಬ್ಬಳ್ಳಿಯೋ, ಸುರತ್ಕಲ್ಲೋ, ಬೆಂಗಳೂರೋ, ಪಿ.ಜಿ.ಗೆ ತಿಂಗಳಿಗೆ ಎಷ್ಟು, ಮೆಸ್ಸಿನಲ್ಲಿ ಕುಚ್ಚಲಕ್ಕಿ ಅನ್ನ ಸಿಗುತ್ತದೋ ಇಲ್ಲವೋ, ಶನಿವಾರ ಸಂಜೆ ಹೊರಟರೆ ಘಟ್ಟ ಇಳಿಯುವ ಬಸ್ಸು ಇದೆಯೋ, ಇಷ್ಟನ್ನೂ ಕೇಳಿಯೇ ಫೀಸು ಕಟ್ಟುತ್ತೇವೆ. ಮೂವತ್ತು ಲಕ್ಷ ಸಾಲ ಮಾಡಿ ಕಡಲಾಚೆ ಕಳಿಸುವಾಗ ಮಾತ್ರ ಇವೇ ಪ್ರಶ್ನೆಗಳು ಬಾಯಿಗೆ ಬರುವುದಿಲ್ಲ. ಸಾಲದ ಕಡತ, ಅಂಕಪಟ್ಟಿ, ವೀಸಾ ಕಾಗದ ನೋಡುವ ಕೆಲಸದಲ್ಲಿರುವ ನಾವು ಕೆಲವರು ಕೂಡಿ ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಜರ್ಮನಿಯಿಂದಲೇ ಶುರು ಮಾಡೋಣ, ಏಕೆಂದರೆ ಅಲ್ಲಿ ಲೆಕ್ಕ ಬಹಳ ಸ್ಪಷ್ಟ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ ಜಾರಿಯಲ್ಲಿದೆ. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಮ್ಯೂನಿಕ್ ಇರಲಿ, ಕೆಮ್ನಿಟ್ಸ್ ಇರಲಿ, ಸರ್ಕಾರಕ್ಕೆ ಎಲ್ಲ ಊರೂ ಒಂದೇ. ಮನೆ ಮಾಲೀಕನಿಗೆ ಹಾಗಲ್ಲ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 800 ಯೂರೋ ಆಸುಪಾಸು ಕೇಳುತ್ತಾರೆ. ಪೂರ್ವದ ಕೆಮ್ನಿಟ್ಸ್‌ನಲ್ಲಿ ಅಂಥದೇ ಕೋಣೆ ಸುಮಾರು 300ಕ್ಕೆ ಸಿಗುತ್ತದೆ. ವಿದ್ಯಾರ್ಥಿಗಳ ಕಡ್ಡಾಯ ಆರೋಗ್ಯ ವಿಮೆ ಎಲ್ಲಿದ್ದರೂ ತಿಂಗಳಿಗೆ 140 ಯೂರೋ ದಾಟಿದೆ. ಎರಡನ್ನೂ 992ರಿಂದ ಕಳೆಯಿರಿ: ಮ್ಯೂನಿಕ್‌ನಲ್ಲಿ ಊಟ, ಫೋನು, ಪುಸ್ತಕಕ್ಕೆಂದು ಉಳಿಯುವುದು 50 ಯೂರೋ. ಕೆಮ್ನಿಟ್ಸ್‌ನಲ್ಲಿ 550. ಮನೆಯಲ್ಲೇ ಅಡುಗೆ ಮಾಡಿಕೊಂಡರೂ ಊಟಕ್ಕೆ 200 ಯೂರೋ ಬೇಕು. ಮ್ಯೂನಿಕ್‌ಗೆ ಹೋದವನು ಮೊದಲ ತಿಂಗಳಿನಿಂದಲೇ ಕೆಲಸ ಹುಡುಕುತ್ತಾನೆ. ಆ ಧಾವಂತದಲ್ಲಿ ಮೊದಲ ಸೆಮಿಸ್ಟರಿನ ಎರಡು ಪೇಪರು ಹೋಗುತ್ತವೆ. ಹುಡುಗ ಸೋಮಾರಿಯೆಂದು ಮನೆಯವರು ಬೈಯುವ ಮೊದಲು ಈ ಕಳೆಯುವ ಲೆಕ್ಕ ಮಾಡಿ ನೋಡಲಿ.

‘ಜರ್ಮನಿಯಲ್ಲಿ ಫೀಸೇ ಇಲ್ಲ’ ಎಂಬ ಮಾತೂ ಊರಿನ ಮೇಲೆ ನಿಂತಿದೆ. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ವಂತಿಗೆ ಬಿಟ್ಟು ಬೇರೆ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತಿದೆ. ಸ್ಟಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್, ಫ್ರೈಬರ್ಗ್ ಎಲ್ಲ ಆ ರಾಜ್ಯದವು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಸ್ನಾತಕೋತ್ತರಕ್ಕೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ತೆಗೆದುಕೊಳ್ಳುತ್ತದೆ. ಅದೇ ಊರಿನ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಆ ಶುಲ್ಕವಿಲ್ಲ. ಇನ್ನು, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಹೀಗಾಗಿ ಫಲಕದ ಹಿಂದಿನ ಕಚೇರಿಯಲ್ಲಿ ಕೂತವರು ಬರ್ಲಿನ್ನಿನ ಯಾವುದೋ ಖಾಸಗಿ ಸಂಸ್ಥೆಯ ಹೆಸರನ್ನೇ ಮುಂದೆ ಮಾಡಿದರೆ ಕಾರಣ ಬೇರೆ ಹುಡುಕಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಊರಿನ ವ್ಯತ್ಯಾಸ ವೀಸಾ ನಿಯಮದಲ್ಲೇ ಬರೆದಿದೆ. 2025ರ ನವೆಂಬರ್ 11ರಿಂದ ಖರ್ಚಿನ ಹಣವೆಂದು ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,529 ಪೌಂಡ್, ಹೊರಗೆ ಓದುವವರು 1,171 ಪೌಂಡ್ ತೋರಿಸಬೇಕು, ಹೆಚ್ಚೆಂದರೆ 9 ತಿಂಗಳಿಗೆ. ಗುಣಿಸಿದರೆ 13,761 ಮತ್ತು 10,539. ಪೌಂಡಿಗೆ 115 ರೂಪಾಯಿ ಹಿಡಿದರೂ 3.7 ಲಕ್ಷದ ವ್ಯತ್ಯಾಸ. ಇದು ಬರೀ ಖಾತೆಯಲ್ಲಿ ತೋರಿಸುವ ಹಣದ ಮಾತು. ಇಲ್ಲೊಂದು ಗುಂಡಿ ಇದೆ. ಉತ್ತರದ ಯಾವುದೋ ಊರಿನ ಹೆಸರು ಹೊತ್ತ ವಿಶ್ವವಿದ್ಯಾಲಯ ಲಂಡನ್ನಿನಲ್ಲೊಂದು ಶಾಖಾ ಕ್ಯಾಂಪಸ್ ಇಟ್ಟುಕೊಂಡಿರುತ್ತದೆ. ಹೆಸರು ನೋಡಿ ಕಡಿಮೆ ದರದ ಲೆಕ್ಕ ಹಾಕಿದವರ ಪ್ರವೇಶ ಪತ್ರದಲ್ಲಿ ಲಂಡನ್ ವಿಳಾಸ ಬಂದರೆ ಹಣ ಕಡಿಮೆ ಬಿದ್ದು ವೀಸಾ ತಿರಸ್ಕಾರ. ಆಫರ್ ಪತ್ರದ ಮೊದಲ ಪುಟದ ಲಾಂಛನ ಬಿಡಿ, ಒಳಗೆ ‘ಅಧ್ಯಯನದ ಸ್ಥಳ’ ಎಂದಿರುವ ಸಾಲು ಓದಿ.

ಆ ಹಣ 28 ದಿನ ಬಿಡದೆ ಖಾತೆಯಲ್ಲಿರಬೇಕು. ನಡುವೆ ಒಂದೇ ಒಂದು ದಿನ ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿನಿಂದ. 28ನೆಯ ದಿನವು ಅರ್ಜಿ ಹಾಕುವ ದಿನಕ್ಕಿಂತ 31 ದಿನದೊಳಗೆ ಇರಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ತೊಡಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ದುಡ್ಡು ಬಹುಪಾಲು ಊರಿನ ಸೇವಾ ಸಹಕಾರಿ ಸಂಘದಲ್ಲಿ ಠೇವಣಿಯಾಗಿರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಡುವುದಿಲ್ಲ. ಅಧಿಕೃತ ನಿಯಂತ್ರಣದಲ್ಲಿರುವ ಹಣಕಾಸು ಸಂಸ್ಥೆಯ ದಾಖಲೆಯನ್ನೇ ಬ್ರಿಟನ್ ಕೇಳುವುದರಿಂದ ಸಂಘದ ಪಾಸ್‌ಬುಕ್ಕು ನಡೆಯುವುದಿಲ್ಲ. ದುಡ್ಡು ಎಷ್ಟೇ ಭದ್ರವಾಗಿರಲಿ. ಅರ್ಜಿಗೆ ಎರಡು ತಿಂಗಳು ಮೊದಲೇ ಅದನ್ನು ಷೆಡ್ಯೂಲ್ಡ್ ಬ್ಯಾಂಕಿನ ಖಾತೆಗೆ ತರಬೇಕು. ಅಪ್ಪ-ಅಮ್ಮನ ಖಾತೆಯಾದರೆ ಮಗುವಿನ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಜೊತೆಗಿರಬೇಕು. ಅಜ್ಜನ, ಸೋದರಮಾವನ ಖಾತೆ ಸಲ್ಲುವುದಿಲ್ಲ. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಸ್ನಾತಕೋತ್ತರಕ್ಕೆ ವೀಸಾ ನಾಲ್ಕು ತಿಂಗಳು ಹೆಚ್ಚಿಗೆ ಕೊಡುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಕಟ್ಟಿಸಿಕೊಳ್ಳುತ್ತಾರೆ. ಇದನ್ನು ಬಜೆಟ್ಟಿನಲ್ಲಿ ಬರೆಯಲು ಮರೆಯುವವರೇ ಹೆಚ್ಚು.

ಆಸ್ಟ್ರೇಲಿಯಾ ವರ್ಷದ ಖರ್ಚಿಗೆಂದು ತೋರಿಸಬೇಕಾದ 29,710 ಆಸ್ಟ್ರೇಲಿಯಾ ಡಾಲರಿನಲ್ಲಿ ಊರಿನ ಭೇದ ಮಾಡುವುದಿಲ್ಲ. ಓದು ಮುಗಿದ ಮೇಲೆ ಮಾಡುತ್ತದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದನ್ನೆಲ್ಲ ಅದು ‘ರೀಜನಲ್’ ಎಂದು ಕರೆಯುತ್ತದೆ. ಅಡಿಲೇಡ್, ಪರ್ತ್, ಕ್ಯಾನ್‌ಬೆರಾ, ಹೋಬಾರ್ಟ್, ನ್ಯೂಕ್ಯಾಸಲ್, ಜಿಲಾಂಗ್‌ನಂಥ ನಗರಗಳಲ್ಲಿ ಪದವಿ ಓದಿ, ಓದಿನ ನಂತರದ ಮೊದಲ ಕೆಲಸದ ವೀಸಾದಲ್ಲೂ ರೀಜನಲ್ ಪ್ರದೇಶದಲ್ಲೇ ಎರಡು ವರ್ಷ ವಾಸವಿದ್ದರೆ ಎರಡನೆಯ ವೀಸಾ ಒಂದು ವರ್ಷಕ್ಕೆ ಸಿಗುತ್ತದೆ. ಟೌನ್ಸ್‌ವಿಲ್‌ನಂಥ ಇನ್ನೂ ದೂರದ ಊರುಗಳಿಗೆ ಎರಡು ವರ್ಷ. ಇಲ್ಲೂ ಅದೇ ಶಾಖಾ ಕ್ಯಾಂಪಸ್ಸಿನ ಆಟ: ದೂರದ ಊರಿನ ವಿಶ್ವವಿದ್ಯಾಲಯದ ಸಿಡ್ನಿ ಕಟ್ಟಡದಲ್ಲಿ ಓದಿದರೆ ಅದು ಸಿಡ್ನಿಯೇ.

ಕೆನಡಾದಲ್ಲಿ ಈ ಆಟ ಇನ್ನೂ ದುಬಾರಿ. ಪ್ರಾಂತ್ಯದ ಯಾವುದೋ ಮೂಲೆಯ ಸರ್ಕಾರಿ ಕಾಲೇಜಿನ ಹೆಸರು, ಪಾಠ ಮಾತ್ರ ಟೊರಾಂಟೊ ಸುತ್ತಲಿನ ಖಾಸಗಿ ಕಾಲೇಜಿನ ಕಟ್ಟಡದಲ್ಲಿ – ಇಂಥ ಜಂಟಿ ಕೋರ್ಸಿಗೆ 2024ರ ಮೇ 15ರ ನಂತರ ಸೇರಿದವರಿಗೆ ಓದಿದ ಮೇಲಿನ ಕೆಲಸದ ಪರವಾನಗಿಯೇ ಇಲ್ಲ. ಓದಿನ ಪರವಾನಗಿಗೆ ಪ್ರಾಂತ್ಯದ ದೃಢೀಕರಣ ಪತ್ರ 2024ರಿಂದ ಬೇಕಾಗಿದೆ, ಅದೂ ಪ್ರಾಂತ್ಯವಾರು ಕೋಟಾದ ಮೇಲೆ; ಸರ್ಕಾರಿ ಸಂಸ್ಥೆಗಳ ಸ್ನಾತಕೋತ್ತರ ಮತ್ತು ಪಿಎಚ್.ಡಿ.ಯವರಿಗೆ 2026ರ ಜನವರಿಯಿಂದ ವಿನಾಯಿತಿ. ಫೀಸು ಬಿಟ್ಟು ತೋರಿಸಬೇಕಾದ ಹಣ ಈಗ 22,895 ಕೆನಡಾ ಡಾಲರ್. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ತಾಸು ದುಡಿಯಬಹುದು. ಅಮೆರಿಕದಲ್ಲಾದರೆ 20 ತಾಸು, ಅದೂ ಕ್ಯಾಂಪಸ್ ಒಳಗೆ ಮಾತ್ರ. ಅಲ್ಲಿ ಬಸ್ಸಿಲ್ಲದ ಊರೇ ಹೆಚ್ಚಾಗಿರುವುದರಿಂದ ಕಾರಿನ ಖರ್ಚನ್ನೂ ಬಾಡಿಗೆಯ ಜೊತೆ ಬರೆಯಬೇಕು.

ಇನ್ನು ಕೋಣೆಯ ವಿಷಯ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಜರ್ಮನಿಯಲ್ಲಿ ವಿದ್ಯಾರ್ಥಿ ನಿಲಯ ನಡೆಸುವುದು ವಿಶ್ವವಿದ್ಯಾಲಯವಲ್ಲ, ‘ಸ್ಟುಡಿರೆಂಡನ್‌ವೆರ್ಕ್’ ಎಂಬ ಬೇರೆಯೇ ಸಂಸ್ಥೆ. ಪ್ರವೇಶ ಸಿಕ್ಕಿತೆಂದರೆ ಹಾಸ್ಟೆಲ್ ಸಿಕ್ಕಿತೆಂದು ನಂಬಿ ಕೂತವರು ಸೆಪ್ಟೆಂಬರಿನಲ್ಲಿ ಕಣ್ಣು ಬಿಡುತ್ತಾರೆ. ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಸರದಿ. ಕೆಲವು ಊರುಗಳಲ್ಲಿ ಪ್ರವೇಶ ಪತ್ರ ಬರುವ ಮೊದಲೇ ಅರ್ಜಿ ಹಾಕಿಡಬಹುದು. ಮ್ಯೂನಿಕ್‌ನಂಥ ಕಡೆ ಸರದಿ ಸೆಮಿಸ್ಟರುಗಟ್ಟಲೆ ಇರುತ್ತದೆ. ಖಾಸಗಿ ಕೋಣೆ ನೋಡುವಾಗ ‘ಕಾಲ್ಟ್‌ಮೀಟೆ’ ಎಂದರೆ ಬರೀ ಜಾಗದ ಬಾಡಿಗೆ, ‘ವಾರ್ಮ್‌ಮೀಟೆ’ ಎಂದರೆ ಶಾಖ, ನೀರು, ಕಸದ ಖರ್ಚು ಸೇರಿದ್ದು; ವಿದ್ಯುತ್ ಮತ್ತು ಇಂಟರ್ನೆಟ್ ಎರಡನೆಯದರಲ್ಲೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಎರಡು ಊರುಗಳನ್ನು ಹೋಲಿಸುವಾಗ ಒಂದರ ತಣ್ಣನೆ ಬಾಡಿಗೆಯನ್ನು ಇನ್ನೊಂದರ ಬೆಚ್ಚನೆ ಬಾಡಿಗೆಯ ಪಕ್ಕ ಇಡಬೇಡಿ. ಮುಂಗಡ ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಯ ತನಕ ಕೇಳಲು ಕಾನೂನು ಬಿಡುತ್ತದೆ. ಈ ಹಣ ಬ್ಲಾಕ್ಡ್ ಅಕೌಂಟಿನಿಂದ ಒಮ್ಮೆಗೇ ಬರುವುದಿಲ್ಲವಾದ್ದರಿಂದ 2,000 ಯೂರೋವಾದರೂ ಬೇರೆಯಾಗಿ ಕೈಯಲ್ಲಿರಬೇಕು.

ಕೋಣೆ ಸಿಗದಿದ್ದರೆ ತಲೆ ಮೇಲೆ ಸೂರಿಲ್ಲ ಎಂಬಷ್ಟಕ್ಕೇ ಮುಗಿಯುವುದಿಲ್ಲ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕನ ಸಹಿ ಇರುವ ದೃಢೀಕರಣ ಬೇಕು. ರಜೆಗೆ ಬಂದವರಿಗೆ ಕೊಡುವ ತಾತ್ಕಾಲಿಕ ಕೋಣೆಗಳ ಮಾಲೀಕರು ಇದನ್ನು ಹೆಚ್ಚಾಗಿ ಕೊಡುವುದಿಲ್ಲ. ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ. ತೆರಿಗೆ ಸಂಖ್ಯೆಯಿಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿಯುತ್ತಾರೆ. ವಾಸ ಪರವಾನಗಿಯ ಅರ್ಜಿಯೂ ನಿಂತು ಹೋಗುತ್ತದೆ. ಕೋಣೆ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ವಿಳಾಸ ನೋಂದಣಿಗೆ ಪತ್ರ ಕೊಡುತ್ತೀರಾ’ ಎಂಬುದು. ಬಾಡಿಗೆ ಎರಡನೆಯದು.

ನೆದರ್ಲ್ಯಾಂಡ್ಸಿನಲ್ಲಿ ಕೋಣೆಯ ಬರ ಎಷ್ಟಿದೆಯೆಂದರೆ, ಇಂತಿಷ್ಟು ದಿನದೊಳಗೆ ವಸತಿ ಸಿಗದಿದ್ದರೆ ಬರಬೇಡಿ ಎಂದು ಅಲ್ಲಿನ ವಿಶ್ವವಿದ್ಯಾಲಯಗಳೇ ಹೇಳಿದ್ದುಂಟು. ಐರ್ಲೆಂಡಿನಲ್ಲಿ ಡಬ್ಲಿನ್ ತುಟ್ಟಿಯೆಂದು ಗಾಲ್ವೇಗೆ ಹೋದರೆ ಬಾಡಿಗೆ ಇಳಿಯುತ್ತದೆ, ಕೋಣೆಯ ಸಂಖ್ಯೆ ಏರುವುದಿಲ್ಲ. ಇಂಗ್ಲೆಂಡಿನಲ್ಲಿ ಠೇವಣಿಗೆ ಐದು ವಾರದ ಬಾಡಿಗೆಯ ಮಿತಿ ಇದೆ, ಆದರೆ ಆ ದೇಶದಲ್ಲೇ ವಾಸವಿರುವ ಜಾಮೀನುದಾರ ಬೇಕೆನ್ನುತ್ತಾರೆ. ಕುಮಟಾದ ಚಿಕ್ಕಪ್ಪ ಆಗುವುದಿಲ್ಲ. ಆ ಜಾಮೀನನ್ನು ತಾನೇ ಕೊಡುವ ವಿಶ್ವವಿದ್ಯಾಲಯಗಳಿವೆ, ಕೇಳಿದರೆ ಹೇಳುತ್ತಾರೆ. ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ತೆರಿಗೆ (ಅಲ್ಲಿನ ಮನೆ ಕಂದಾಯ) ಇಲ್ಲ. ಕೆಲಸದಲ್ಲಿರುವ ಒಬ್ಬ ಸೇರಿಕೊಂಡರೆ ಮನೆಗೆ ಬಿಲ್ಲು ಬರುತ್ತದೆ, ಅದನ್ನು ಯಾರು ಕಟ್ಟಬೇಕೆಂಬ ಜಗಳವೂ ಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆ ಮುಂಗಡ ಕೇಳಬಹುದು. ಮನೆ ಹಾಳಾದರೆ ಇರಲಿ ಎಂದು ಅದರ ಮೇಲೆ ಇನ್ನೊಂದು ಠೇವಣಿ ಕೇಳುವುದು ಅಲ್ಲಿನ ಕಾನೂನಿಗೆ ವಿರುದ್ಧ.

ಮೋಸದ ಜಾಹೀರಾತಿನ ಗುರುತು ಎಲ್ಲ ದೇಶದಲ್ಲೂ ಒಂದೇ: ಊರಿನ ನಡುವೆ ಚಂದದ ಕೋಣೆ, ಬಾಡಿಗೆ ಅರ್ಧ, ಮಾಲೀಕ ಪರವೂರಿನಲ್ಲಿ, ಹಣ ಹಾಕಿದರೆ ಕೀಲಿ ಕೊರಿಯರಿನಲ್ಲಿ. ಮಾತಾಡಿದರೆ ಬಹಳ ಮರ್ಯಾದಸ್ಥ, ಪಾಸ್‌ಪೋರ್ಟಿನ ಚಿತ್ರವನ್ನೂ ಕಳಿಸುತ್ತಾನೆ. ಅದು ಹಿಂದೆ ಮೋಸ ಹೋದ ಇನ್ನೊಬ್ಬ ವಿದ್ಯಾರ್ಥಿಯದ್ದಾಗಿರಬಹುದು. ಮೊದಲ ಮೂರು–ನಾಲ್ಕು ವಾರಕ್ಕೆ ಯೂತ್ ಹಾಸ್ಟೆಲ್ಲಿನಲ್ಲೋ ವಿಶ್ವವಿದ್ಯಾಲಯದ ಅತಿಥಿಗೃಹದಲ್ಲೋ ಜಾಗ ಕಾಯ್ದಿರಿಸಿ, ಅಲ್ಲಿಂದ ಹೋಗಿ ಕಣ್ಣಾರೆ ನೋಡಿದ ಕೋಣೆಗೆ ದುಡ್ಡು ಕೊಡುವುದೇ ಕ್ಷೇಮ.

ಅಗ್ಗದ ಊರೇ ಒಳ್ಳೆಯ ಊರು ಎಂದೂ ಹೊರಡಬಾರದು. ಜರ್ಮನಿಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಾನೂನು ಬಿಟ್ಟರೂ ಊರು ಬಿಡಬೇಕಲ್ಲ. ಪಾಠ ಇಂಗ್ಲಿಷಿನಲ್ಲೇ ನಡೆದರೂ ಸಣ್ಣ ಊರಿನ ಅಂಗಡಿ, ಹೋಟೆಲು, ಕಾರ್ಖಾನೆಗಳಲ್ಲಿ ಬಿ1 ಮಟ್ಟದ (ದಿನಬಳಕೆಗೆ ಸಾಲುವಷ್ಟು) ಜರ್ಮನ್ ಇಲ್ಲದವರಿಗೆ ಸಿಗುವುದು ಗೋದಾಮಿನ ರಾತ್ರಿ ಪಾಳಿ. ಬರ್ಲಿನ್ನಿನಲ್ಲಿ ಇಂಗ್ಲಿಷಿನ ಕೆಲಸಗಳಿವೆ, ಒಂದೊಂದಕ್ಕೂ ಮುಗಿಬೀಳುವವರೂ ಅಷ್ಟೇ ಇದ್ದಾರೆ. ಆದ್ದರಿಂದ ಊರು ಅಗ್ಗವಾದಷ್ಟೂ ಭಾಷೆಗೆ ಹೆಚ್ಚು ತಿಂಗಳು ಇಡಬೇಕು. ಶಿರಸಿಯಲ್ಲೇ ಕೂತು ಅದರ ಕೆಳಗಿನ ಎ2 ಮಟ್ಟ ಮುಗಿಸಿ ಹೋದವರಿಗೆ ಅಲ್ಲಿ ಬಿ1 ಒಂದು ಸೆಮಿಸ್ಟರಿನ ಮಾತು.

ರಾತ್ರಿ ಪಾಳಿಯೆಂದ ಮೇಲೆ ಬಸ್ಸು. ಹುಡುಗರು ಮ್ಯಾಪಿನಲ್ಲಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಡುಕಿ, ‘ಕಾಲೇಜಿಗೆ ಇಪ್ಪತ್ತೇ ನಿಮಿಷ’ ಎನ್ನುತ್ತಾರೆ. ಫೆಬ್ರುವರಿಯ ಒಂದು ಭಾನುವಾರ ರಾತ್ರಿ ಹನ್ನೊಂದೂವರೆಗೆ ಹುಡುಕಿ ನೋಡಲಿ. ಅಂಕೋಲೆಯಲ್ಲಿ ಕೊನೆಯ ಬಸ್ಸು ತಪ್ಪಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ಕಾಯುವಾಗ ಹೊರಗೆ ಸೊನ್ನೆಗಿಂತ ಕೆಳಗಿರುತ್ತದೆ.

ಹವೆಯನ್ನು ನಮ್ಮವರು ಚಳಿ ಎಂದಷ್ಟೇ ತಿಳಿಯುತ್ತಾರೆ. ಚಳಿಗೆ ಕೋಟು ಇದೆ (ಬೆಂಗಳೂರಿನಲ್ಲಿ ಕೊಳ್ಳಬೇಡಿ, ಅಲ್ಲೇ ಕೊಳ್ಳಿ, ಅಲ್ಲಿನ ಚಳಿಗೆ ಅಲ್ಲಿನದೇ ಸರಿ). ಕಷ್ಟವಾಗುವುದು ಕತ್ತಲೆ. ಕಾರವಾರದಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ತಾಸಿಗೆ ಮೇಲೆ. ಡಿಸೆಂಬರ್ ಮೂರನೇ ವಾರ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹಗಲು ಸುಮಾರು 7 ತಾಸು, ಮಧ್ಯಾಹ್ನ ಮೂರೂ ಮುಕ್ಕಾಲರ ಒಳಗೆ ಸೂರ್ಯ ಮುಳುಗಿರುತ್ತಾನೆ. ಜರ್ಮನಿಯ ಉತ್ತರದ ಬಂದರು ಕೀಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಿಸಿಲು ಕಂಡು ಬೆಳೆದ ಮೈಗೆ ನವೆಂಬರಿನಿಂದ ಫೆಬ್ರುವರಿ ತನಕ ಮಂಕು ಕವಿಯುವುದು ಮನಸ್ಸಿನ ದೌರ್ಬಲ್ಯವಲ್ಲ, ಬೆಳಕಿನ ಕೊರತೆ. ಮೊದಲೇ ಖಿನ್ನತೆಯ ತೊಂದರೆ ಇದ್ದವರು ಅಕ್ಷಾಂಶ ನೋಡಿಯೇ ಊರು ಆರಿಸಲಿ. ಹಾಗೆಯೇ, ಆಷಾಢದಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದು ನಮಗೆ ಹೊಸದೇನಲ್ಲ. ಅಲ್ಲಿ ಅದು ಚಳಿಗಾಲದಲ್ಲಿ ಹಿಡಿಯುತ್ತದೆ. ಶಾಖ ಹಾಕಿದ ಕೋಣೆಯೊಳಗೆ ಬಟ್ಟೆ ಒಣಹಾಕಿ, ಸಾರು ಕುದಿಸಿ, ಕಿಟಕಿ ಮುಚ್ಚಿಟ್ಟರೆ ಆವಿ ತಣ್ಣನೆ ಗೋಡೆಗೆ ಕೂತು ತಿಂಗಳೊಳಗೆ ಕಪ್ಪಾಗುತ್ತದೆ, ಮನೆ ಬಿಡುವಾಗ ಠೇವಣಿ ಕರಗುತ್ತದೆ. ದಿನಕ್ಕೆ ಎರಡು–ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿ ಆಡಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಊರನ್ನು ಬಾಡಿಗೆಯೊಂದರಿಂದಲೇ ತೂಗಬಾರದೆಂದೂ ಹೇಳಬೇಕು. ನಮ್ಮ ಜಿಲ್ಲೆಯ ಎರಡು ವಿದ್ಯೆಗಳನ್ನೇ ತೆಗೆದುಕೊಳ್ಳಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಸಾಗರ ವಿಜ್ಞಾನ ಓದಲು ಹೊರಟವರಿಗೆ ದೇಶದ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಹಡಗು, ಪ್ರಯೋಗಾಲಯ, ಸಂಶೋಧಕರು ಕೆಲವೇ ಬಂದರು ಊರುಗಳಲ್ಲಿ ಗುಂಪಾಗಿದ್ದಾರೆ. ಜರ್ಮನಿಯಲ್ಲಿ ಕೀಲ್ ಮತ್ತು ಬ್ರೆಮನ್, ಬ್ರಿಟನ್ನಿನಲ್ಲಿ ಸೌತಾಂಪ್ಟನ್ ಮತ್ತು ಪ್ಲಿಮತ್, ಕೆನಡಾದಲ್ಲಿ ಹ್ಯಾಲಿಫ್ಯಾಕ್ಸ್ ಮತ್ತು ಸೇಂಟ್ ಜಾನ್ಸ್, ಆಸ್ಟ್ರೇಲಿಯಾದಲ್ಲಿ ಹೋಬಾರ್ಟ್ ಮತ್ತು ಹವಳ ದಿಬ್ಬಗಳ ಹತ್ತಿರದ ಟೌನ್ಸ್‌ವಿಲ್. ನಾರ್ವೆಯ ಬರ್ಗನ್ ಕೂಡ ಹೆಸರಾದದ್ದೇ, ಆದರೆ ನಾರ್ವೆ 2023ರಿಂದ ಹೊರಗಿನವರಿಗೆ ಬೋಧನಾ ಶುಲ್ಕ ಶುರು ಮಾಡಿದೆ. ಇವುಗಳಲ್ಲಿ ಯಾವುದೂ ಫಲಕದ ಮೇಲಿನ ಊರಲ್ಲ. ಕೀಲ್‌ನಲ್ಲಿ ಬೋಧನಾ ಶುಲ್ಕವಿಲ್ಲ, ಬಾಡಿಗೆ ಮ್ಯೂನಿಕ್‌ಗಿಂತ ಬಹಳ ಕಡಿಮೆ. ತಾಜಾ ಬಂಗಡೆಯ ಆಸೆ ಇಟ್ಟುಕೊಂಡು ಹೋಗಬೇಡಿ ಅಷ್ಟೆ.

ಅರಣ್ಯಶಾಸ್ತ್ರದವರಿಗೆ ಫ್ರೈಬರ್ಗ್, ಗೊಟಿಂಗನ್ ಮತ್ತು ಡ್ರೆಸ್ಡನ್ ಬಳಿಯ ಥರಾಂಟ್. ಥರಾಂಟಿನ ಅರಣ್ಯ ಶಾಲೆ 1811ರದ್ದು. 1864ರಲ್ಲಿ ಇಂಡಿಯಾದ ಕಾಡುಗಳಿಗೆ ಮೊದಲ ಮಹಾ ನಿರೀಕ್ಷಕನಾಗಿ ಬಂದ ಡೀಟ್ರಿಚ್ ಬ್ರಾಂಡಿಸ್ ಕೂಡ ಜರ್ಮನಿಯವನೇ ಎಂಬುದು ಶಿರಸಿಯ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಈಗ ಲೆಕ್ಕ ನೋಡಿ: ಫ್ರೈಬರ್ಗ್‌ನಲ್ಲಿ ಸೆಮಿಸ್ಟರಿಗೆ 1,500 ಯೂರೋದಂತೆ ಎರಡು ವರ್ಷಕ್ಕೆ 6,000 ಯೂರೋ ಶುಲ್ಕ, ಕೋಣೆಯೂ ಕಷ್ಟ. ಗೊಟಿಂಗನ್ ಕೆಳ ಸ್ಯಾಕ್ಸನಿಯಲ್ಲಿದೆ, ಆ ಶುಲ್ಕವಿಲ್ಲ. ಥರಾಂಟ್ ಹೊಳೆಯ ಕಣಿವೆಯ ಪುಟ್ಟ ಊರು, ಡ್ರೆಸ್ಡನ್ನಿನಿಂದ ಲೋಕಲ್ ರೈಲಿನಲ್ಲಿ ಹೋಗಿಬರಬಹುದು. ಗೊಟಿಂಗನ್ ಮತ್ತು ಥರಾಂಟ್ ಎರಡರಲ್ಲೂ ಉಷ್ಣವಲಯದ ಕಾಡುಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಸ್ನಾತಕೋತ್ತರ ಓದಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಶಿರಸಿಯಿಂದ ಹೊರಟವರು ಫ್ರೈಬರ್ಗ್‌ನ ಹೆಸರಿಗೆ ಮರುಳಾಗುವ ಮೊದಲು ಈ ಎರಡನ್ನು ನೋಡಬೇಕು.

ಸಾಲದ ಬಗ್ಗೆ ಇಲ್ಲಿನ ಮನೆಗಳಿಗೆ ತಿಳಿದಿರಬೇಕಾದ್ದು ಒಂದಿದೆ. ಎರಡು ಎಕರೆ ತೋಟವಿದೆ, ಅದನ್ನೇ ಅಡವಿಟ್ಟರಾಯಿತು ಎಂದು ಬರುತ್ತಾರೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಅಡವು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯ ಮೇಲಿನ ಅಡಮಾನವನ್ನು ಹೊರಗಿಟ್ಟಿರುವುದರಿಂದ ವಿದ್ಯಾಭ್ಯಾಸ ಸಾಲಕ್ಕೆ ಬ್ಯಾಂಕುಗಳು ತೋಟವನ್ನು ಒಪ್ಪಲು ಹಿಂಜರಿಯುತ್ತವೆ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಅದು ಅಡವಿಗೆ ಬಾರದು. ಅತಿಕ್ರಮಣ ಜಾಗದ ಮೇಲಿನ ಮನೆಯಂತೂ ಕೇಳುವುದೇ ಬೇಡ. ಕೃಷಿಯೇತರವಾಗಿ ಪರಿವರ್ತನೆಯಾದ, ಇ-ಸ್ವತ್ತು ಆಗಿರುವ ಮನೆ-ನಿವೇಶನ ಬೇಕು. ಈ ಕಾಗದಗಳಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಪ್ರವೇಶ ಪತ್ರ ಬಂದ ಮೇಲೆ ಶುರು ಮಾಡಿದರೆ ಸೆಮಿಸ್ಟರು ಹೋಗುತ್ತದೆ. ಅಡಮಾನವಿಲ್ಲದ ಸಾಲ ಸಾಮಾನ್ಯವಾಗಿ 7.5 ಲಕ್ಷದ ತನಕ. ಹೊರದೇಶದ ಓದಿಗೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಶೇ 15 ಮಾರ್ಜಿನ್ ಇದೆ: 30 ಲಕ್ಷದ ಖರ್ಚಿಗೆ 4.5 ಲಕ್ಷ ಮನೆಯವರೇ ಹಾಕಬೇಕು. ಊರು ತುಟ್ಟಿಯಾದರೆ ಈ ಪಾಲೂ ಏರುತ್ತದೆ ಎಂಬುದನ್ನು ಯಾರೂ ಎಣಿಸುವುದಿಲ್ಲ. ಬ್ಯಾಂಕ್ ಸಾಲದಿಂದ ಕಳಿಸುವ ಹಣಕ್ಕೆ ಟಿಸಿಎಸ್ (ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ಆರ್ಥಿಕ ವರ್ಷಕ್ಕೆ 10 ಲಕ್ಷದ ತನಕ ಇಲ್ಲ.

ಕಾಗದಗಳ ವಿಷಯಕ್ಕೆ ಬಂದರೆ, ಹೆಸರಿನದ್ದೇ ಮೊದಲ ರಗಳೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ‘ಹೆಗಡೆ’ಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಬಳಸಿದವರಿದ್ದಾರೆ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇದ್ದೊಂದು ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಮುಂದೆ ಬ್ಯಾಂಕು, ಪರವಾನಗಿ ಎಲ್ಲೆಡೆ ಅದೇ ಹೆಸರು. ಅರ್ಜಿಗೆ ಒಂದು ವರ್ಷ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳುವುದು ಲೇಸು. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ) ಕೊಡುವುದು ಓದಿದ ಕಾಲೇಜಲ್ಲ, ವಿಶ್ವವಿದ್ಯಾಲಯ. ಕುಮಟಾ, ಅಂಕೋಲೆ, ಹೊನ್ನಾವರದ ಪದವಿಯವರಿಗೆ ಧಾರವಾಡ, ಎಂಜಿನಿಯರಿಂಗಿನವರಿಗೆ ಬೆಳಗಾವಿ. ಜರ್ಮನಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ (ಅಂಕಪಟ್ಟಿ, ಪದವಿ ಅಸಲಿಯೆಂಬ ದೃಢೀಕರಣ) ಕಡ್ಡಾಯ, ಶುಲ್ಕ 18,000 ರೂಪಾಯಿ. ಚಳಿಗಾಲದ ಸೆಮಿಸ್ಟರಿಗೆ ಹಲವು ಕಡೆ ಜುಲೈ 15 ಕೊನೆಯ ದಿನ, ಹೊರಗಿನವರಿಗೆ ಅದಕ್ಕೂ ಮೊದಲೇ ಮುಗಿಯುವ ಕೋರ್ಸುಗಳಿವೆ. ಹಾಗಾಗಿ ಎಪಿಎಸ್‌ಗೆ ಹಿಂದಿನ ದೀಪಾವಳಿಯ ಹೊತ್ತಿಗೇ ಹಾಕಬೇಕು. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75, ಆಮೇಲಿನ ಒಂದೊಂದಕ್ಕೆ 30 ಯೂರೋ. ವೀಸಾ ಅರ್ಜಿಗೆ ಪಣಜಿ ಹತ್ತಿರವೆಂದು ಕಾರವಾರದವರು ಆ ಕಡೆ ನೋಡುವುದುಂಟು. ಜರ್ಮನಿಗೆ ಗೋವಾ ಮುಂಬೈ ದೂತಾವಾಸದ ವ್ಯಾಪ್ತಿ, ಕರ್ನಾಟಕದ ವಿಳಾಸದವರಿಗೆ ಬೆಂಗಳೂರೇ.

ಮೇಲೆ ಕೊಟ್ಟ ಮೊತ್ತಗಳು ವರ್ಷವರ್ಷ ಏರುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ವಲಸೆ ಇಲಾಖೆಯ ಜಾಲತಾಣದಲ್ಲೇ ನೋಡಿಕೊಳ್ಳಬೇಕು, ಏಜೆಂಟರ ಕರಪತ್ರದಲ್ಲಲ್ಲ.

ಕೊನೆಗೆ ತಮ್ಮ ಪತ್ರಿಕೆಗೆ ಒಂದು ಬೇಡಿಕೆ. ವಿದೇಶ ವ್ಯಾಸಂಗದ ಜಾಹೀರಾತು ಸ್ವೀಕರಿಸುವಾಗ ಮೂರು ವಿವರಗಳನ್ನು ಕಡ್ಡಾಯ ಮಾಡಿ: ಪಾಠ ನಡೆಯುವ ಕ್ಯಾಂಪಸ್ ಇರುವ ಊರು, ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ಓದಿನ ನಂತರದ ಕೆಲಸದ ಪರವಾನಗಿಗೆ ಆ ಕೋರ್ಸು ಅರ್ಹವೋ ಅಲ್ಲವೋ. ಒಂದು ಸಾಲಿನಲ್ಲಿ ಹಿಡಿಯುವ ವಿವರ ಇದು. ಜಿಲ್ಲೆಯ ಕಾಲೇಜುಗಳು ಹೊರಗೆ ಹೋದ ತಮ್ಮ ಹಳೆ ವಿದ್ಯಾರ್ಥಿಗಳಿಂದ ಊರು, ಕೋಣೆಯ ಬೆಚ್ಚನೆ ಬಾಡಿಗೆ, ಕೋಣೆ ಸಿಗಲು ಹಿಡಿದ ದಿನ ಇಷ್ಟನ್ನು ಬರೆಸಿ ಒಂದು ವಹಿ ಇಟ್ಟರೆ, ಅದನ್ನು ಶಿಕ್ಷಣ ಪುಟದಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್ ಒಳಗೆ, ತಾವು ಪ್ರಕಟಿಸಬಹುದು. ಏಪ್ರಿಲ್ ಏಕೆಂದರೆ ಹಾಸ್ಟೆಲಿನ ಸರದಿಗೆ ಹೆಸರು ಬರೆಸಲು ಆಗ ಇನ್ನೂ ಸಮಯವಿರುತ್ತದೆ.

ಇತಿ,
ವಿದ್ಯಾಭ್ಯಾಸ ಸಾಲ ಮತ್ತು ಪ್ರವೇಶದ ಕಡತ ನೋಡುವ ಕೆಲವರು
ಕಾರವಾರ – ಶಿರಸಿ